ಬೆನ್ನಿಗೆ ಕಡಲು

ನಮ್ಮ ಸಾಲಿನ ಮನೆಗಳಿಗೆಲ್ಲ ಬಾಗಿಲು ಮೂಡಕ್ಕೆ.
ಕಡಲಿಗೆ ಕಾಣುವುದು ಬಚ್ಚಲು, ಒಡೆದ ಕೊಡ,
ಹಗ್ಗಕ್ಕೆ ಹಾಕಿದ ಲಂಗ.
ಉಪ್ಪುಗಾಳಿ ಬೀಗ ತಿನ್ನುತ್ತದೆ, ಅದಕ್ಕೇ,
ಎನ್ನುತ್ತಾರೆ ಗಂಡಸರು.
ಸಂಕಮ್ಮತ್ತೆ ಹೇಳುವುದು ಬೇರೆ:
ನೆರೆಮನೆಯವರ ಮುಖವನ್ನೇ
ಹಗಲಿಡೀ ನೋಡುತ್ತ ಕೂರುತ್ತಾರೆಯೇ ಯಾರಾದರೂ?

ಬೇಕಲದ ಕೋಟೆ ದಾಟಿ ಸ್ವಲ್ಪ ತೆಂಕಕ್ಕೆ ಹೋದರೆ
ರಿಸಾರ್ಟು. ಅದಕ್ಕೆ ಮೈಯೆಲ್ಲ ಕಣ್ಣು, ಪಡುವಣಕ್ಕೆ,
ನೆಲದಿಂದ ಮಾಡಿನವರೆಗೂ ಗಾಜು.
ಕಡಲು ಕಾಣುವ ಕೋಣೆಗೆ ಒಂದು ದರ,
ತೆಂಗು ಕಾಣುವುದಕ್ಕೆ ಇನ್ನೊಂದು.
ನಾನು ನಿಂತು ದುಡಿಯುವ ಕೋಣೆಗೆ ದರವಿಲ್ಲ,
ಕಿಟಕಿಯೂ ಇಲ್ಲ.
ಅಲ್ಲಿ ನಾಲ್ಕು ಯಂತ್ರ, ಖೈರುನ್ನೀಸ, ನಾನು,
ದಿನಕ್ಕೆ ನೂರೆಂಬತ್ತು ಬಿಳಿ ಚಾದರ.

ಎಂಟು ಗಂಟೆ ನಾನು ಕಡಲನ್ನು ಕಾಣುವುದು
ಮಡಿಕೆಗಳಲ್ಲಿ. ಕೊಡವಿದರೆ ಹೊಯಿಗೆ,
ಯಾರೋ ಸಂಜೆ ಹೊರಳಿದ ದಂಡೆಯ ಒಂದು ಹಿಡಿ.
ಒಮ್ಮೆ, ಮಗುವಿನ ಕಾಲ್ಚೀಲದೊಳಗೆ
ಜೀವವಿದ್ದ ಏಡಿಮರಿ.
ಖೈರುನ್ನೀಸ ಅದನ್ನು ಚಹಾದ ಲೋಟದಲ್ಲಿಟ್ಟು
ಪಾಳಿ ಮುಗಿಯುವವರೆಗೆ ಕಾದಳು.
ಮೋರಿಯ ಜಾಲರಿಯಲ್ಲಿ ಶನಿವಾರಕ್ಕೆ ಅರ್ಧ ಬಕೆಟ್ಟು.
ಹೊರಗೆ ಚೆಲ್ಲಿ, ಎನ್ನುತ್ತಾನೆ ಸೂಪರ್‌ವೈಸರ್ ರೆಜಿ.
ಹೊರಗೆ ಅಂದರೆ ಎಲ್ಲಿ ಎಂದು ಹೇಳುವುದಿಲ್ಲ.

ದೀಪಾವಳಿ ರಜೆಯಲ್ಲಿ ಒಬ್ಬಾಕೆ, ದಾವಣಗೆರೆಯವರಂತೆ,
ಟವೆಲಿಗೆ ಕೈಸನ್ನೆ ಮಾಡಿದರು,
ಆಮೇಲೆ ಇಂಗ್ಲಿಷು, ಆಮೇಲೆ ಗಟ್ಟಿಯಾಗಿ ಅದೇ ಇಂಗ್ಲಿಷು.
ಎಷ್ಟು ಬೇಕಮ್ಮ? ಅಂದೆ.
ಅಯ್ಯೋ, ಕೇರಳದಲ್ಲಿದ್ದೂ
ಎಷ್ಟು ಚೆನ್ನಾಗಿ ಕನ್ನಡ ಕಲಿತಿದ್ದೀಯಲ್ಲ,
ಯಾರು ಕಲಿಸಿದ್ದು?
ಒಂದನೇ ಕ್ಲಾಸಿನ ಪದ್ಮಾವತಿ ಟೀಚರು.
ನಕ್ಕರು, ನಾನು ತಮಾಷೆ ಮಾಡಿದೆನೆಂದು.
ಪುಣ್ಯವಂತರು ನೀವು, ದಿನವೂ ಇದನ್ನೆಲ್ಲ ನೋಡುತ್ತೀರಿ,
ಎನ್ನುವಾಗ ಅವರ ಕೈ ಗಾಜಿನಾಚೆಗೆ ಹೋಯಿತು,
ನನ್ನ ಕಣ್ಣು ಗಾಜಿನ ಮೇಲಿದ್ದ ಬೆರಳಚ್ಚಿಗೆ.

ಆಟಿಯಲ್ಲಿ ಬರಬೇಕಿತ್ತು ಆಕೆ.
ರಿಸಾರ್ಟಿನವರ ಬಾಯಲ್ಲಿ ಅದು ಆಫ್ ಸೀಸನ್,
ನಮಗೆ ಸಂಬಳವಿಲ್ಲದ ಎರಡು ತಿಂಗಳು.
ದೋಣಿಗಳು ಮಡಲು ಹೊದ್ದು
ಅಂಗಳಕ್ಕೇ ಬಂದು ಮಲಗುತ್ತವೆ.
ರಾತ್ರಿ ಹಿಂಗೋಡೆಯಾಚೆ, ನೆರೆಮನೆಯಲ್ಲಿ
ಕಪಾಟು ಎಳೆದಾಡಿದ ಸದ್ದು.
ಹೋದ ವರ್ಷ ಚಂದಣ್ಣನ ಕಕ್ಕಸು ಹೋಯಿತು.
ಬಾಗಿಲನ್ನು ಮಾತ್ರ ಮೂರನೇ ದಿನ
ತಂದಿಟ್ಟಿತು ವಾಪಸು,
ಚಿಲಕ ಹಾಗೇ ಇತ್ತು.

ಮೊನ್ನೆ ಟೇಪು ಹಿಡಿದು ಬಂದ ಬ್ರೋಕರು ಪವಿತ್ರನ್
ಮುಂಬಾಗಿಲಿಗೆ ಬರಲೇ ಇಲ್ಲ.
ಬಚ್ಚಲ ಹಿಂದೆ ನಿಂತು ಅಳೆದ.
ನಿಮ್ಮ ಮನೆಯ ಮುಖ ಇದು ಚೇಚಿ,
ನಿಮಗೇ ಗೊತ್ತಿಲ್ಲ ಅಷ್ಟೆ, ಅಂದ.
ಸೆಂಟಿಗೆ ಹೇಳಿದ ಬೆಲೆ ಕೇಳಿ
ನನ್ನ ಗಂಡ ಎರಡು ಸಲ ಕೆಮ್ಮಿದ.
ಸಂಕಮ್ಮತ್ತೆ ಬೂತಾಯಿಯ ತಲೆ ತೆಗೆಯುತ್ತಿದ್ದವಳು
ತನ್ನ ತಲೆ ಎತ್ತದೆ ಹೇಳಿದಳು:
ಅಳೆಯುವುದಾದರೆ ಆಟಿಯಲ್ಲಿ ಬಾ ಮಗಾ,
ಟೇಪಿನ ಆಚೆ ತುದಿ ಹಿಡಿಯಲಿಕ್ಕೆ
ಅದೇ ಬರುತ್ತದೆ.

ಆ ರಾತ್ರಿ ಗಂಡ ಮಗ್ಗುಲಾಗುತ್ತಲೇ ಇದ್ದ,
ಬೆಲೆಯನ್ನು ಸೆಂಟಿನಿಂದ ಗುಣಿಸುತ್ತ.
ಸುಳ್ಳು ಯಾಕೆ, ನಾನೂ ಗುಣಿಸಿದೆ.
ಒಂದು ಬಾತ್‌ರೂಮು, ಮಗಳ ನರ್ಸಿಂಗು,
ರೈಲ್ವೇ ಗೇಟಿನಾಚೆ ಎಲ್ಲಾದರೂ
ಕಪಾಟಿನ ಸದ್ದಿಲ್ಲದ ಗೋಡೆ.
ಸದ್ದಿಲ್ಲದೆ ನಿದ್ದೆ ಬಂದೀತೇ, ಅದನ್ನು ಮಾತ್ರ
ಗುಣಿಸಲು ಬರಲಿಲ್ಲ.

ಶನಿವಾರ ಬಕೆಟ್ಟನ್ನು ಮನೆಗೇ ತಂದೆ.
ಬಚ್ಚಲ ಹಿಂದೆ ಸುರುವಿದೆ,
ಲ್ಯಾವೆಂಡರ್ ಸೋಪಿನ ಪರಿಮಳದ ಹೊಯಿಗೆ.
ಅತ್ತೆ ಮೂಸಿ ನೋಡಿ ಮೂಗು ಮುರಿದಳು.
ಬೆಳಿಗ್ಗೆ ಏಳುವಾಗ
ಅದರಿಂದಲೇ ಮೀನಿನ ಬಾಣಲೆ ತಿಕ್ಕುತ್ತಿದ್ದಳು,
ಬೆನ್ನು ಕಡಲಿಗೆ.